ಮೊರಾಕ್ಕೊದ ರಿಯಾದ್‌ನಲ್ಲಿ ತಂಗುವವರಿಗೆ: ಕೋಣೆ ಆರಿಸುವುದರಿಂದ ಹೊರಡುವವರೆಗೆ

ಮೊರಾಕ್ಕೊಗೆ ಹೊರಟವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಫೋಟೊದಲ್ಲಿ ಅರಮನೆಯಂತೆ ಕಾಣುವ, ಈಗ ಅತಿಥಿಗೃಹಗಳಾಗಿರುವ ರಿಯಾದ್ ಎಂಬ ಆ ಹಳೇ ಮನೆಗಳಲ್ಲಿ ಉಳಿದುಕೊಳ್ಳುವುದು ನಿಜಕ್ಕೂ ಸುಖವೇ? ಅಪ್ಪ ಅಮ್ಮನನ್ನು ಕರೆದುಕೊಂಡು ಹೋದರೆ ಕಷ್ಟವಾಗುತ್ತದೆಯೇ? ಸಸ್ಯಾಹಾರ ಸಿಗುತ್ತದೆಯೇ? ಅಷ್ಟು ದುಡ್ಡು ಕೊಟ್ಟ ಕೋಣೆಗೆ ಬೀದಿ ಕಡೆ ಕಿಟಕಿಯೇ ಇರಲಿಲ್ಲವಲ್ಲ, ಯಾಕೆ?

ಈ ಎಲ್ಲಕ್ಕೂ ಉತ್ತರ ಒಂದೇ ಕಡೆ ಇದೆ. ರಿಯಾದ್ ಹೋಟೆಲಾಗಲೆಂದು ಕಟ್ಟಿದ್ದಲ್ಲ, ಒಂದು ದೊಡ್ಡ ಕುಟುಂಬ ಬಾಳಲೆಂದು ಕಟ್ಟಿದ ಮನೆ. ಬೀದಿಗೆ ಬೆನ್ನು, ಅಂಗಳಕ್ಕೆ ಮುಖ. ಅದರ ಸುಖವೂ ತೊಂದರೆಯೂ ಎರಡೂ ಇಲ್ಲಿಂದಲೇ ಹುಟ್ಟುತ್ತವೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಬುಕ್ ಮಾಡಿದವರು ನಿರಾಶರಾಗುವುದು ಅಪರೂಪ.

ಮೊದಲು ಗೊತ್ತಿರಬೇಕಾದ ಪದಗಳು

ಮದೀನಾ ಎಂದರೆ ಕೋಟೆಗೋಡೆಯೊಳಗಿನ ಹಳೇ ಪಟ್ಟಣ. ಬಾಬ್ ಎಂದರೆ ಆ ಕೋಟೆಯ ಹೆಬ್ಬಾಗಿಲು. ದರ್ಬ್ ಎಂದರೆ ಮನೆಗಳ ನಡುವಿನ ಕಿರುಓಣಿ. ಬಹಳಷ್ಟು ದರ್ಬ್‌ಗಳು ಮುಂದೆ ದಾರಿಯಿಲ್ಲದೆ ಮುಗಿದುಬಿಡುತ್ತವೆ. ರಿಯಾದ್‌ನಲ್ಲಿ ನಡುವೆ ಮರಗಿಡಗಳ ಅಂಗಳವಿರುತ್ತದೆ. ಎರಡು ಕಾಲುದಾರಿಗಳು ಅಡ್ಡಹಾಯ್ದು ಆ ಅಂಗಳವನ್ನು ನಾಲ್ಕು ಪಾತಿ ಮಾಡಿರುತ್ತವೆ, ಕೂಡುವ ಜಾಗದಲ್ಲಿ ಕಾರಂಜಿ. ದಾರ್ ಕೂಡ ಅದೇ ಬಗೆಯ ಮನೆ, ಆದರೆ ಅಂಗಳ ಚಿಕ್ಕದು, ನೆಲವೆಲ್ಲ ಹಾಸುಗಲ್ಲು ಅಥವಾ ಬಿಲ್ಲೆ, ತೋಟವಿಲ್ಲ. ಬುಕಿಂಗ್ ಜಾಲತಾಣಗಳು ಎರಡನ್ನೂ ರಿಯಾದ್ ಎಂದೇ ಕರೆಯುತ್ತವೆ. ಆದ್ದರಿಂದ ಹೆಸರು ನೋಡಬೇಡಿ, ಅಂಗಳದ ಫೋಟೊ ನೋಡಿ. ಸರ್ಕಾರದ ಪರವಾನಗಿ ಪಡೆದ ಅತಿಥಿಗೃಹಕ್ಕೆ ಅಲ್ಲಿ ಬಳಸುವ ಫ್ರೆಂಚ್ ಹೆಸರು ಮೇಸೋಂ ದೋತ್.

ಮಲೆನಾಡಿನ ತೊಟ್ಟಿ ಮನೆ ನೋಡಿದವರಿಗೆ ರಿಯಾದ್‌ನ ಲೆಕ್ಕಾಚಾರ ಬೇಗ ಹಿಡಿಯುತ್ತದೆ. ನಡುವೆ ಆಕಾಶಕ್ಕೆ ತೆರೆದ ಜಾಗ, ಸುತ್ತ ಪಡಸಾಲೆ, ಅದರಾಚೆ ಕೋಣೆಗಳು. ವ್ಯತ್ಯಾಸವಿರುವುದು ಎತ್ತರದಲ್ಲಿ. ರಿಯಾದ್ ಎರಡು ಮೂರು ಅಂತಸ್ತು ಏರುತ್ತದೆ, ಚಾವಣಿ ಸಮತಟ್ಟು, ಹೊರಗೋಡೆಯಲ್ಲಿ ಕಿಟಕಿ ಬಹುತೇಕ ಇರುವುದಿಲ್ಲ.

1. ಊರು ಮತ್ತು ಕಾಲ ಗೊತ್ತುಮಾಡಿಕೊಳ್ಳಿ

ಹೆಚ್ಚಿನವರ ಆಯ್ಕೆ ಮರಾಕೇಶ್ ಅಥವಾ ಫೆಸ್. ಫೆಸ್‌ನ ಹಳೇ ಮದೀನಾ 1981ರಲ್ಲಿ, ಮರಾಕೇಶ್‌ನ ಮದೀನಾ 1985ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಎರಡರ ಸ್ವಭಾವ ಬೇರೆ. ಮರಾಕೇಶ್ ಸಮತಟ್ಟು ಊರು. ಅಂಗಳಗಳು ಅಗಲ, ಕಿತ್ತಳೆ ಮರಗಳಿರುವ ನಿಜವಾದ ರಿಯಾದ್‌ಗಳು ಹೆಚ್ಚು, ಓಣಿಗಳಲ್ಲಿ ಸ್ಕೂಟರ್‌ಗಳ ಕಾಟವೂ ಹೆಚ್ಚು. ಫೆಸ್ ಇಳಿಜಾರಿನ ಊರು. ಮೋಟಾರು ವಾಹನಗಳಿಗೆ ಒಳಗೆ ದಾರಿಯೇ ಇಲ್ಲ, ಸಾಮಾನು ಸಾಗಿಸುವುದು ಹೇಸರಗತ್ತೆ, ಕತ್ತೆ ಮತ್ತು ಕೈಗಾಡಿ. ಅಲ್ಲಿ ಮನೆಗಳು ಎತ್ತರ, ಅಂಗಳ ಕಿರಿದು, ಕೆತ್ತನೆ ದಟ್ಟ. ಕಟ್ಟಡದ ಕುಸುರಿಗಾಗಿಯೇ ಹೋಗುವವರಿಗೆ ಫೆಸ್ ಒಳ್ಳೆಯದು. ಮಂಡಿನೋವಿನವರು ಜೊತೆಗಿದ್ದರೆ ಮರಾಕೇಶ್ ಒಳ್ಳೆಯದು. ಎರಡೂ ಬೇಕೆಂದರೆ ರೈಲಿದೆ, ಆದರೆ ಸುಮಾರು ಏಳು ಗಂಟೆಯ ದಾರಿ. ಅದಕ್ಕೊಂದು ಹಗಲು ಮೀಸಲಿಡಿ.

ಮಾರ್ಚ್ ಕೊನೆಯಿಂದ ಮೇವರೆಗೆ ಮತ್ತು ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಹವೆ ಹದವಾಗಿರುತ್ತದೆ, ಬಾಡಿಗೆ ಏರಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಮರಾಕೇಶ್ ಸಲೀಸಾಗಿ 40 ಡಿಗ್ರಿ ಮುಟ್ಟುತ್ತದೆ.

ಚಳಿಗಾಲದ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಆಫ್ರಿಕಾ ಅಂದರೆ ಸೆಕೆ ಎಂದುಕೊಂಡು ಡಿಸೆಂಬರ್, ಜನವರಿಯಲ್ಲಿ ತೆಳು ಬಟ್ಟೆ ಹಾಕಿಕೊಂಡು ಹೋದವರು ನಡುಗುತ್ತಾರೆ. ಮರಾಕೇಶ್‌ನಲ್ಲಿ ರಾತ್ರಿ 5–6 ಡಿಗ್ರಿಗೆ ಇಳಿಯುತ್ತದೆ, ಫೆಸ್ ಇನ್ನೂ ತಂಪು. ಬೇಸಿಗೆಯಲ್ಲಿ ತಂಪು ಕೊಡಲೆಂದು ಮಾಡಿದ ದಪ್ಪ ಗೋಡೆ, ಬಿಲ್ಲೆಯ ನೆಲ, ತೆರೆದ ಅಂಗಳ ಇವೆಲ್ಲ ಚಳಿಗಾಲದಲ್ಲಿ ಚಳಿಯನ್ನೇ ಹಿಡಿದಿಡುತ್ತವೆ. ಕೋಣೆಯಿಂದ ಊಟದ ಜಾಗಕ್ಕೆ ಹೋಗಬೇಕೆಂದರೂ ಬಯಲನ್ನೇ ದಾಟಬೇಕು. ಆ ತಿಂಗಳುಗಳಲ್ಲಿ ಹೋಗುವವರು ಉಣ್ಣೆ ಸ್ವೆಟರ್, ದಪ್ಪ ಕಾಲುಚೀಲ, ಒಳಗೆ ಹಾಕಿಕೊಳ್ಳುವ ಚಪ್ಪಲಿ ಒಯ್ಯಿರಿ.

ರಂಜಾನ್ ಪ್ರತಿವರ್ಷ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಆ ತಿಂಗಳಲ್ಲೂ ರಿಯಾದ್‌ನಲ್ಲಿ ಅತಿಥಿಗಳಿಗೆ ಹಗಲೂಟ ಸಿಗುತ್ತದೆ. ಮರೆಯಬಾರದ್ದು ಗಡಿಯಾರ. ಮೊರಾಕ್ಕೊ ವರ್ಷವಿಡೀ ಭಾರತಕ್ಕಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ, ರಂಜಾನ್ ತಿಂಗಳಲ್ಲಿ ಮಾತ್ರ ಐದೂವರೆ ಗಂಟೆ ಹಿಂದೆ. ಕೆಲವು ಫೋನ್‌ಗಳು ಈ ಬದಲಾವಣೆಯನ್ನು ತಾವಾಗಿ ಹಿಡಿಯುವುದಿಲ್ಲ, ರೈಲು ವಿಮಾನ ತಪ್ಪುವುದು ಆಗಲೇ. ಆ ದಿನಗಳಲ್ಲಿ ಸಮಯವನ್ನು ರಿಯಾದ್‌ನ ಗೋಡೆ ಗಡಿಯಾರದ ಜೊತೆ ತಾಳೆ ಹಾಕಿ.

2. ಮನೆಯನ್ನಲ್ಲ, ಕೋಣೆಯನ್ನು ಆರಿಸಿ

ಜನ ಸಾಮಾನ್ಯವಾಗಿ ಅಂಗಳದ ಚೆಂದದ ಫೋಟೊ ನೋಡಿ ಬುಕ್ ಮಾಡುತ್ತಾರೆ. ಮಲಗುವುದು ಅಂಗಳದಲ್ಲಲ್ಲ. ಐದಾರು ಕೋಣೆಗಳ ರಿಯಾದ್‌ನಲ್ಲಿ ಎರಡು ಕೋಣೆ ಒಂದರಂತೆ ಇನ್ನೊಂದು ಇರುವುದಿಲ್ಲ. ಬೆಲೆ ಮಾತ್ರ ಒಂದೇ ಇರಬಹುದು. ಹಾಗಾಗಿ ಅಂತಸ್ತು ನೋಡಿ ಆರಿಸಬೇಕು.

ನೆಲಮಟ್ಟದ ಕೋಣೆ ಬೇಸಿಗೆಯಲ್ಲಿ ಅತಿ ತಂಪು, ಮೆಟ್ಟಿಲು ಹತ್ತಬೇಕಾಗಿಲ್ಲ. ಆದರೆ ಬೆಳಕು ಕಡಿಮೆ, ಬಾಗಿಲು ತೆರೆದರೆ ಎಲ್ಲರೂ ಓಡಾಡುವ ಅಂಗಳ, ಬೆಳಿಗ್ಗೆ ಏಳಕ್ಕೇ ತಟ್ಟೆ ಲೋಟಗಳ ಸದ್ದು. ಮೊದಲ ಮಹಡಿಯ ಕೋಣೆಗಳು ಹದವಾದವು. ಮಾಲೀಕರು ಅತಿ ಹೆಚ್ಚು ಅಲಂಕರಿಸಿರುವುದೂ ಇವನ್ನೇ. ತಾರಸಿಗೆ ಅಂಟಿದ ಕೋಣೆಗಳಿಗೆ ಗಾಳಿ, ಬೆಳಕು, ನೋಟ ಎಲ್ಲ ಇವೆ. ಆದರೆ ಬಹಳ ಕಡೆ ಇವು ಆಮೇಲೆ ಕಟ್ಟಿದವು, ಗೋಡೆ ತೆಳು. ಆಗಸ್ಟ್‌ನಲ್ಲಿ ಕಾಯುತ್ತವೆ, ಜನವರಿಯಲ್ಲಿ ಕೊರೆಯುತ್ತವೆ.

ಹಳೇ ಕೋಣೆಗಳು ಉದ್ದ ಹೆಚ್ಚು, ಅಗಲ ಕಡಿಮೆ. ಚಾವಣಿಯ ಸೀಡರ್ ಮರದ ತೊಲೆ ಎಷ್ಟು ಉದ್ದ ಸಿಗುತ್ತದೋ ಅಷ್ಟೇ ಕೋಣೆಯ ಅಗಲ. ಆದ್ದರಿಂದ ಮೂರನೆಯ ಹಾಸಿಗೆ ಹಾಕಿಸಿದರೆ ನಡೆದಾಡಲು ಜಾಗ ಉಳಿಯುವುದಿಲ್ಲ. ಮಕ್ಕಳೊಂದಿಗೆ ಹೋಗುವವರು ಮೂವರ ಕೋಣೆ ಎಂದು ಬರೆದಿರುವುದನ್ನು ನಂಬಿ ಸುಮ್ಮನಾಗದೆ, ಹಾಸಿಗೆ ಹಾಕಿದ ಮೇಲಿನ ಫೋಟೊವನ್ನೇ ಕೇಳಿ.

ಇನ್ನೊಂದು ಮುಜುಗರದ ಸಂಗತಿ. ಅನೇಕ ರಿಯಾದ್‌ಗಳಲ್ಲಿ ಸ್ನಾನದ ಮನೆಗೆ ಬಾಗಿಲೇ ಇರುವುದಿಲ್ಲ. ಕಮಾನು, ಅದಕ್ಕೊಂದು ಪರದೆ, ಕೆಲವೊಮ್ಮೆ ಪರದೆಯೂ ಇಲ್ಲ. ಜೋಡಿಗಳಿಗೆ ಇದು ಚೆಂದ ಎನಿಸಬಹುದು, ಅತ್ತೆ ಮಾವನ ಜೊತೆ ಹೋದವರಿಗೆ ದೊಡ್ಡ ತಲೆನೋವು.

ಬುಕ್ ಮಾಡುವ ಮೊದಲು ವಾಟ್ಸಾಪ್‌ನಲ್ಲೋ ಇಮೇಲ್‌ನಲ್ಲೋ ಇವಿಷ್ಟನ್ನು ಬರಹದಲ್ಲಿ ಕೇಳಿ:

- ನಮಗೆ ಕೊಡುವ ಕೋಣೆಯ ಹೆಸರೇನು, ಯಾವ ಅಂತಸ್ತು, ಎಷ್ಟು ಮೆಟ್ಟಿಲು?
- ಕಿಟಕಿ ಯಾವ ಕಡೆ ತೆರೆಯುತ್ತದೆ? ಸ್ನಾನದ ಮನೆಗೆ ಮುಚ್ಚುವ ಬಾಗಿಲಿದೆಯೇ?
- ಎಸಿ ತಂಪಿಗೂ ಬಿಸಿಗೂ ಎರಡಕ್ಕೂ ಕೆಲಸ ಮಾಡುತ್ತದೆಯೇ?
- ಟ್ಯಾಕ್ಸಿ ನಿಲ್ಲುವ ಜಾಗದಿಂದ ಬಾಗಿಲಿಗೆ ಎಷ್ಟು ನಿಮಿಷದ ನಡಿಗೆ? ಸಾಮಾನು ಹೊರಲು ಜನ ಕಳಿಸುತ್ತೀರಾ?
- ಪ್ರವಾಸಿ ತೆರಿಗೆ ಬಾಡಿಗೆಯಲ್ಲಿ ಸೇರಿದೆಯೇ, ನಗದಾಗಿ ಬೇರೆ ಕೊಡಬೇಕೇ?
- ಸಸ್ಯಾಹಾರದ ರಾತ್ರಿಯೂಟ ಮಾಡಿಕೊಡುತ್ತೀರಾ?

ಮೆಟ್ಟಿಲಿನ ಪ್ರಶ್ನೆಯನ್ನು ಬಿಡಲೇಬೇಡಿ. ಹಳೇ ಮನೆಗಳಲ್ಲಿ ಲಿಫ್ಟ್ ಇಲ್ಲ. ಮೆಟ್ಟಿಲು ಕಡಿದು, ಕಿರಿದು, ಒಂದರ ಎತ್ತರ ಇನ್ನೊಂದಕ್ಕಿಲ್ಲ, ತಿರುವಿನಲ್ಲಿ ಕತ್ತಲೆ. ಚಿಕ್ಕ ಮಕ್ಕಳಿದ್ದರೆ ಅಂಗಳದ ನೀರಿನ ತೊಟ್ಟಿಗೆ ಬೇಲಿಯಿಲ್ಲ, ಮಹಡಿಯ ಕಟಾಂಜನ ತಗ್ಗು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕೆಲವು ಮನೆಗಳು ಚಿಕ್ಕ ಮಕ್ಕಳನ್ನು ಸೇರಿಸಿಕೊಳ್ಳುವುದೇ ಇಲ್ಲ. ಪೂಲ್ ಎಂದು ತೋರಿಸುವುದು ಸಾಮಾನ್ಯವಾಗಿ ನಾಲ್ಕು ಜನ ಕಾಲು ಮುಳುಗಿಸಿ ಕೂರುವಷ್ಟರ ತೊಟ್ಟಿ, ನೀರು ಬಿಸಿ ಮಾಡಿರುವುದಿಲ್ಲ.

2023ರ ಸೆಪ್ಟೆಂಬರ್ 8ರ ಭೂಕಂಪದಲ್ಲಿ ಮರಾಕೇಶ್ ಮದೀನಾದ ಕೆಲವು ಕಟ್ಟಡಗಳಿಗೆ ಪೆಟ್ಟಾಯಿತು. ಆಮೇಲೆ ಮನೆಯನ್ನು ಎಂಜಿನಿಯರ್ ಪರೀಕ್ಷಿಸಿದ್ದಾರೆಯೇ ಎಂದು ಕೇಳುವುದು ನಿಮ್ಮ ಹಕ್ಕು. ಒಳ್ಳೆಯ ಮಾಲೀಕರು ಬೇಸರಪಡದೆ ಹೇಳುತ್ತಾರೆ.

ದುಡ್ಡಿಗೆ ಚಿಂತೆಯಿಲ್ಲದವರಿಗೆ ಇನ್ನೊಂದು ದಾರಿಯೂ ಇದೆ. ಮರಾಕೇಶ್‌ನ ರಾಯಲ್ ಮನ್ಸೂರ್ 2010ರಲ್ಲಿ ತೆರೆಯಿತು. ಮಾಮೂಲಿ ಕೋಣೆಗಳ ಬದಲು 53 ಪ್ರತ್ಯೇಕ ರಿಯಾದ್‌ಗಳನ್ನೇ ಹೊಸದಾಗಿ ಕಟ್ಟಿದ್ದಾರೆ. ಕುಸುರಿ ಕೆಲಸ ಬೆರಗು ಹುಟ್ಟಿಸುವಂಥದ್ದು. ಆದರೂ ನಮ್ಮ ಅಭಿಪ್ರಾಯದಲ್ಲಿ, ಆರೇಳು ಕೋಣೆಗಳ ಹಳೇ ಮನೆಯಲ್ಲಿ ಸಿಗುವ ಆಪ್ತತೆ ದೊಡ್ಡ ವ್ಯವಸ್ಥೆಯಲ್ಲಿ ಸಿಗುವುದಿಲ್ಲ.

3. ವೀಸಾ, ದುಡ್ಡು, ಪ್ಲಗ್

ಭಾರತದ ಪಾಸ್‌ಪೋರ್ಟ್ ಇರುವವರು ಮೊರಾಕ್ಕೊ ಸರ್ಕಾರದ ಅಧಿಕೃತ ಇ-ವೀಸಾ ಜಾಲತಾಣದಲ್ಲೇ ಅರ್ಜಿ ಹಾಕಬಹುದು. ಒಂದೇ ಪ್ರವೇಶ, ಗರಿಷ್ಠ 30 ದಿನ. ವೀಸಾ ಕೈಗೆ ಬರುವವರೆಗೆ ಹಣ ಕಳೆಯದೆ ರದ್ದುಮಾಡಬಹುದಾದ ದರದಲ್ಲೇ ಬುಕ್ ಮಾಡಿ. ರಿಯಾದ್‌ಗಳಲ್ಲಿ ಕೋಣೆ ಕಡಿಮೆ, ಕೊನೇ ಗಳಿಗೆಯಲ್ಲಿ ರದ್ದಾದರೆ ಅವರಿಗೆ ನಷ್ಟ. ಹಾಗಾಗಿ ಕೆಲವರ ನಿಯಮ ಬಿಗಿ. ಷರತ್ತು ಓದಿ.

ಡ್ರೋನ್ ಒಯ್ಯಬೇಡಿ. ಪರವಾನಗಿ ಇಲ್ಲದೆ ತಂದರೆ ವಿಮಾನ ನಿಲ್ದಾಣದಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ.

ಮೊರಾಕ್ಕೊದ ಹಣವಾದ ದಿರ್ಹಾಮ್ ನಿಯಂತ್ರಿತ ಕರೆನ್ಸಿ. ದೇಶದೊಳಗೆ ತರಲು, ಹೊರಗೆ ಒಯ್ಯಲು 2000 ದಿರ್ಹಾಮ್ ಮಿತಿಯಿದೆ. ಯೂರೊ ಅಥವಾ ಡಾಲರ್ ಒಯ್ದು ಅಲ್ಲಿ ಬದಲಿಸಿ, ರಸೀದಿ ಜೋಪಾನವಾಗಿಡಿ. ಹೊರಡುವಾಗ ಉಳಿದ ದಿರ್ಹಾಮ್ ಮರಳಿ ಬದಲಿಸಲು ಅದನ್ನು ಕೇಳುತ್ತಾರೆ. ಒಂದು ದಿರ್ಹಾಮ್ ಸುಮಾರು 9–10 ರೂಪಾಯಿ ಎಂದು ಲೆಕ್ಕ ಇಟ್ಟುಕೊಂಡರೆ ಅಂದಾಜಿಗೆ ಸಾಕು. ಸಣ್ಣ ರಿಯಾದ್‌ಗಳಲ್ಲಿ ಕಾರ್ಡ್ ಯಂತ್ರ ಆಗಾಗ ಕೈಕೊಡುತ್ತದೆ, ತೆರಿಗೆ ಮತ್ತು ಊಟಕ್ಕೆ ನಗದೇ ಕೇಳುತ್ತಾರೆ. ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಒಯ್ಯಿರಿ, ಬರೀ ರುಪೇ ನಂಬಿಕೊಂಡು ಹೋಗಬೇಡಿ. ಕಾರ್ಡಿನ ವಿದೇಶಿ ಬಳಕೆಯನ್ನು ಬ್ಯಾಂಕ್ ಆ್ಯಪ್‌ನಲ್ಲಿ ಊರು ಬಿಡುವ ಮುನ್ನವೇ ಆನ್ ಮಾಡಿಟ್ಟುಕೊಳ್ಳಿ. ಯಂತ್ರ ರೂಪಾಯಿಯಲ್ಲಿ ಕೊಡುತ್ತೀರಾ, ದಿರ್ಹಾಮ್‌ನಲ್ಲಿ ಕೊಡುತ್ತೀರಾ ಎಂದು ಕೇಳಿದರೆ ದಿರ್ಹಾಮ್ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರದಲ್ಲಿ ಕಳೆದುಕೊಳ್ಳುತ್ತೀರಿ.

ವಿದ್ಯುತ್ 220 ವೋಲ್ಟ್, ನಮ್ಮ ಚಾರ್ಜರ್‌ಗಳಿಗೆ ತೊಂದರೆಯಿಲ್ಲ. ಪ್ಲಗ್ ಯುರೋಪಿನ ಎರಡು ದುಂಡು ಕಡ್ಡಿಯದು. ನಮ್ಮ ಮೂರು ಕಡ್ಡಿಯ ಪ್ಲಗ್ ಹೋಗುವುದಿಲ್ಲ, ಅಡಾಪ್ಟರ್ ಬೇಕು. ಹಳೇ ಮನೆಯ ಕೋಣೆಯಲ್ಲಿ ಸಾಕೆಟ್‌ಗಳೂ ಕಡಿಮೆ. ಒಂದು ಸಣ್ಣ ಎಕ್ಸ್‌ಟೆನ್ಷನ್ ಬಾಕ್ಸ್ ಇದ್ದರೆ ನಾಲ್ವರ ಫೋನ್ ಒಟ್ಟಿಗೆ ಚಾರ್ಜ್ ಆಗುತ್ತದೆ.

4. ಬಾಗಿಲು ತಲುಪುವುದು

ರಿಯಾದ್ ವಾಸದಲ್ಲಿ ಅತಿ ಹೆಚ್ಚು ಎಡವಟ್ಟಾಗುವುದು ಇಲ್ಲಿಯೇ, ಟ್ಯಾಕ್ಸಿಯಿಂದ ಬಾಗಿಲವರೆಗಿನ ಕೊನೆಯ ಐನೂರು ಮೀಟರಿನಲ್ಲಿ.

ಹಗಲಲ್ಲಿ ತಲುಪುವ ಹಾಗೆ ವಿಮಾನ ಆರಿಸಿ. ಬೆಂಗಳೂರಿನಿಂದ ಹೋಗುವವರು ಸಾಮಾನ್ಯವಾಗಿ ಕೊಲ್ಲಿಯ ಯಾವುದಾದರೂ ಊರಿನಲ್ಲಿ ವಿಮಾನ ಬದಲಿಸಿ ಕಾಸಾಬ್ಲಾಂಕಾದಲ್ಲಿ ಇಳಿಯುತ್ತಾರೆ. ಅಲ್ಲಿಂದ ಮರಾಕೇಶ್‌ಗೆ ರೈಲಿನಲ್ಲಿ ಸುಮಾರು ಮೂರು ಗಂಟೆ. ಯುರೋಪಿನಲ್ಲಿರುವ ಕನ್ನಡಿಗರಿಗೆ ಮರಾಕೇಶ್, ಫೆಸ್ ಎರಡಕ್ಕೂ ಅಗ್ಗದ ನೇರ ವಿಮಾನಗಳಿವೆ, ಆದರೆ ಅಗ್ಗದ ವಿಮಾನಗಳಲ್ಲಿ ಹಲವು ಇಳಿಯುವುದು ತಡರಾತ್ರಿ. ಹಾಗಾದರೆ ಒಂದೇ ಉಪಾಯ: ರಿಯಾದ್‌ನಿಂದಲೇ ಕಾರು ಗೊತ್ತುಮಾಡಿಸಿಕೊಳ್ಳಿ. ದರ ಹೊರಗಿನ ಟ್ಯಾಕ್ಸಿಗಿಂತ ಹೆಚ್ಚು. ಮೊದಲ ರಾತ್ರಿಯ ಮಟ್ಟಿಗೆ ಅದು ಕೊಡಬೇಕಾದ ದುಡ್ಡೇ.

ಮಾಮೂಲಿ ಟ್ಯಾಕ್ಸಿಯಲ್ಲಿ ಹೋಗುವವರಿಗೆ: ಊರೊಳಗೆ ಓಡುವ ಸಣ್ಣ ಟ್ಯಾಕ್ಸಿಗೆ ಪೆತಿ ತಾಕ್ಸಿ ಎನ್ನುತ್ತಾರೆ. ಮೂವರಿಗಿಂತ ಹೆಚ್ಚು ಜನರನ್ನು ಹತ್ತಿಸಿಕೊಳ್ಳುವಂತಿಲ್ಲ. ನಾಲ್ವರ ಕುಟುಂಬಕ್ಕೆ ಎರಡು ಬೇಕು, ಇಲ್ಲವೇ ದೊಡ್ಡದಾದ ಗ್ರಾಂ ತಾಕ್ಸಿ. ಮೀಟರ್ ಹಾಕಿಸಿ, ಒಪ್ಪದಿದ್ದರೆ ಹತ್ತುವ ಮೊದಲೇ ದರ ಮಾತಾಡಿ. ಚಾಲಕನಿಗೆ ರಿಯಾದ್‌ನ ಹೆಸರು ಹೇಳಿ ಪ್ರಯೋಜನವಿಲ್ಲ, ನೂರಾರು ಇವೆ. ಹತ್ತಿರದ ಬಾಬ್ ಅಥವಾ ಚೌಕದ ಹೆಸರು ಹೇಳಬೇಕು. ಫೆಸ್‌ನಲ್ಲಾದರೆ ಬಾಬ್ ಬೂಜ್ಲೂದ್, ಬಥಾ, ರ್ಸೀಫ್ ಇವು ವಾಹನ ನಿಲ್ಲುವ ಮುಖ್ಯ ಜಾಗಗಳು. ಮರಾಕೇಶ್‌ನಲ್ಲಿ ಬಾಬ್ ದುಕ್ಕಾಲಾ, ದಾರ್ ಎಲ್ ಬಾಶಾ, ಜಮಾ ಎಲ್ ಫ್ನಾ. ಯಾವುದು ಎಂಬುದನ್ನು ರಿಯಾದ್‌ನವರಿಂದ ಮೊದಲೇ ತಿಳಿದು, ಅರೇಬಿಕ್ ಲಿಪಿಯಲ್ಲಿ ಬರೆಸಿಕೊಂಡು ಫೋನ್‌ನಲ್ಲಿಟ್ಟುಕೊಳ್ಳಿ.

ಅಲ್ಲಿಂದ ಮುಂದೆ ನಡಿಗೆ. ರಿಯಾದ್‌ನ ಹುಡುಗ ನಿಮ್ಮನ್ನು ಕರೆದೊಯ್ಯಲು ಬರುವವರೆಗೆ ಅಲ್ಲೇ ನಿಂತಿರಿ. ಸುತ್ತ ಹಲವರು ಬಂದು ದಾರಿ ತೋರಿಸುತ್ತೇನೆ ಎನ್ನುತ್ತಾರೆ. ಆ ದಾರಿ ಮುಚ್ಚಿದೆ, ಈ ಕಡೆಯಿಂದ ಬನ್ನಿ ಎಂದು ಯಾರಾದರೂ ಹೇಳಿದರೆ ಅದು ಬಹುತೇಕ ಸುಳ್ಳು. ಸುತ್ತಾಡಿಸಿ ಕೊನೆಗೆ ದುಡ್ಡು ಕೇಳುವುದು ಹಳೇ ತಂತ್ರ. ನಗುತ್ತಲೇ ‘ಲಾ, ಶುಕ್ರನ್’ ಅನ್ನಿ. ಬೇಡ, ಧನ್ಯವಾದ ಎಂದರ್ಥ. ಮತ್ತೆ ಮಾತಿಗೆ ಮಾತು ಬೆಳೆಸಬೇಡಿ.

ಫೋನ್ ಮ್ಯಾಪ್ ಚೌಕದವರೆಗೆ ಸರಿ. ಎತ್ತರದ ಗೋಡೆಗಳ ನಡುವಿನ ಎರಡು ಗಜದ ಓಣಿಯಲ್ಲಿ ಉಪಗ್ರಹದ ಸಂಕೇತ ಗೋಡೆಗೆ ಬಡಿದು ಚೆದುರುತ್ತದೆ, ನೀಲಿ ಚುಕ್ಕೆ ಪಕ್ಕದ ಓಣಿಗೆ ಹಾರುತ್ತದೆ. ದರ್ಬ್‌ನ ತಿರುವುಗಳ ಫೋಟೊಗಳನ್ನು ರಿಯಾದ್‌ನವರಿಂದ ತರಿಸಿಕೊಂಡಿದ್ದರೆ ಮ್ಯಾಪಿಗಿಂತ ಉಪಯೋಗ.

ಚಕ್ರದ ದೊಡ್ಡ ಸೂಟ್‌ಕೇಸ್ ಫೆಸ್‌ನ ಮೆಟ್ಟಿಲಿನ ಓಣಿಗಳಲ್ಲಿ ಉರುಳುವುದಿಲ್ಲ. ಕೈಗಾಡಿಯವರಿದ್ದಾರೆ, ಗಾಡಿಗೆ ಸಾಮಾನು ಹಾಕುವ ಮೊದಲೇ ಒಟ್ಟು ಎಷ್ಟು ಎಂದು ಗೊತ್ತುಮಾಡಿಕೊಳ್ಳಿ. ಹಿಂದಿನಿಂದ ‘ಬಾಲಕ್!’ ಎಂದು ಕೂಗಿದರೆ ತಕ್ಷಣ ಗೋಡೆಗೆ ಒತ್ತಿಕೊಳ್ಳಿ. ಹೊರೆ ಹೊತ್ತ ಹೇಸರಗತ್ತೆ ಬರುತ್ತಿದೆ, ಅದು ನಿಮಗಾಗಿ ನಿಲ್ಲುವುದಿಲ್ಲ.

ಕೊನೆಗೆ ಸಿಗುವ ಬಾಗಿಲು ನೋಡಿ ಎದೆಗುಂದಬೇಡಿ. ಬಣ್ಣ ಮಾಸಿದ ಗೋಡೆ, ಮೊಳೆ ಹೊಡೆದ ಹಲಗೆ, ದೊಡ್ಡ ಕದದೊಳಗೆ ತಲೆ ಬಗ್ಗಿಸಿ ಹೋಗುವಷ್ಟರ ಚಿಕ್ಕ ಕದ. ಸಿರಿಯನ್ನು ಬೀದಿಗೆ ತೋರಿಸದಿರುವುದು ಅಲ್ಲಿನ ರೀತಿ. ಒಳಗೆ ಕಾಲಿಟ್ಟರೂ ಅಂಗಳ ಒಮ್ಮೆಲೇ ಕಾಣುವುದಿಲ್ಲ. ಹಾದಿ ಬೇಕೆಂದೇ ತಿರುವು ಪಡೆಯುತ್ತದೆ, ಹೊರಗೆ ನಿಂತವರ ಕಣ್ಣು ಮನೆಯವರ ಮೇಲೆ ಬೀಳಬಾರದೆಂದು.

5. ಒಳಗೆ ಬಂದ ಮೊದಲ ಗಂಟೆ

ಪುದಿನ ಚಹಾ ಮತ್ತು ಒಣಹಣ್ಣು ಅಥವಾ ಬಿಸ್ಕತ್ತು ಬರುತ್ತದೆ. ಕುಡಿಯಿರಿ, ಅವಸರ ಬೇಡ. ಚಹಾದಲ್ಲಿ ಸಕ್ಕರೆ ಜಾಸ್ತಿ. ಮಧುಮೇಹವಿದ್ದರೆ ಮೊದಲೇ ‘ಬ್ಲಾ ಸುಕ್ಕರ್’ ಅನ್ನಿ. ಜೊತೆಗೆ ಪೊಲೀಸ್ ದಾಖಲೆಯ ನಮೂನೆ ಕೊಡುತ್ತಾರೆ, ಪ್ರತಿಯೊಬ್ಬರೂ ತುಂಬಬೇಕು. ಪಾಸ್‌ಪೋರ್ಟ್ ಸಂಖ್ಯೆಯ ಜೊತೆ, ದೇಶ ಪ್ರವೇಶಿಸುವಾಗ ಪಾಸ್‌ಪೋರ್ಟಿನಲ್ಲಿ ಒತ್ತಿದ ಪ್ರವೇಶ ಸಂಖ್ಯೆಯನ್ನೂ ಕೇಳುತ್ತಾರೆ. ಇದು ಕಾನೂನು, ಅನುಮಾನ ಬೇಡ. ಪಾಸ್‌ಪೋರ್ಟನ್ನು ಬರೆದುಕೊಂಡ ಕೂಡಲೇ ವಾಪಸು ಪಡೆಯಿರಿ.

ಕೋಣೆಗೆ ಹೋದ ಕೂಡಲೇ ಪೆಟ್ಟಿಗೆ ಬಿಚ್ಚುವ ಮೊದಲು ಬಿಸಿನೀರು, ಎಸಿ, ಬಾಗಿಲಿನ ಅಗುಳಿ, ವೈಫೈ ನೋಡಿಬಿಡಿ. ಹಳೇ ಮರದ ಅಗುಳಿಗಳಿಗೆ ಒಂದೊಂದು ಪಟ್ಟು ಇರುತ್ತದೆ, ತೆಗೆಯುವುದು ಹೇಗೆಂದು ಅವರ ಮುಂದೆಯೇ ಒಮ್ಮೆ ಮಾಡಿ ನೋಡಿ. ವೈಫೈ ದಪ್ಪ ಗೋಡೆ ದಾಟುವುದಿಲ್ಲ. ಕಚೇರಿ ಕೆಲಸವಿದ್ದರೆ ಅಂಗಳಕ್ಕೆ ಬರಬೇಕಾದೀತು. ಬಿಸಿನೀರಿನ ಟ್ಯಾಂಕ್ ಚಿಕ್ಕದು, ಬೆಳಿಗ್ಗೆ ಎಂಟಕ್ಕೆ ಎಲ್ಲ ಕೋಣೆಯವರೂ ಸ್ನಾನಕ್ಕಿಳಿದರೆ ಸಾಲದು. ಅರ್ಧ ಗಂಟೆ ಮುಂಚೆ ಮುಗಿಸಿ. ಚಳಿಗಾಲದಲ್ಲಿ ಸಿಲಿಂಡರ್ ಇರುವ ಗ್ಯಾಸ್ ಹೀಟರ್ ಕೊಟ್ಟರೆ ಕೋಣೆ ಬೆಚ್ಚಗಾದ ಮೇಲೆ ಆರಿಸಿ ಮಲಗಿ. ಮುಚ್ಚಿದ ಕೋಣೆಯಲ್ಲಿ ಉರಿಯಬಿಟ್ಟು ನಿದ್ದೆ ಮಾಡಿದರೆ ಕಾರ್ಬನ್ ಮೊನಾಕ್ಸೈಡ್ ವಿಷವಾಗಿ ಜೀವಕ್ಕೇ ಅಪಾಯ.

6. ಊಟ: ಸಸ್ಯಾಹಾರಿಗಳು ಪೂರ್ತಿ ಓದಿ

ಬೆಳಗಿನ ತಿಂಡಿಯಲ್ಲಿ ತೊಂದರೆಯಿಲ್ಲ. ಬಾಡಿಗೆಯಲ್ಲೇ ಸೇರಿರುತ್ತದೆ. ಮ್ಸೆಮ್ಮೆನ್ ಎಂಬ ಪದರ ಪದರದ ಚೌಕ ರೊಟ್ಟಿ, ಬಗ್ರೀರ್ ಎಂಬ ಮೇಲ್ಮೈಯೆಲ್ಲ ತೂತಾಗಿರುವ ರವೆಯ ದೋಸೆ, ಹರ್ಷಾ ಎಂಬ ದಪ್ಪ ರವೆ ರೊಟ್ಟಿ, ಜೊತೆಗೆ ಜೇನು, ಬೆಣ್ಣೆ, ಆಲಿವ್, ಕಿತ್ತಳೆ ರಸ. ಮೊಟ್ಟೆ ತಿನ್ನದವರು ಹಿಂದಿನ ದಿನವೇ ಹೇಳಿ.

ರಾತ್ರಿಯೂಟ ಹೋಟೆಲಿನಂತೆ ಕೂತ ಮೇಲೆ ಆರ್ಡರ್ ಮಾಡುವಂಥದ್ದಲ್ಲ. ಅಡುಗೆಯವರು ಬೆಳಿಗ್ಗೆ ಸಂತೆಗೆ ಹೋಗಿ ಅಂದಿನ ಲೆಕ್ಕಕ್ಕೆ ತರುತ್ತಾರೆ. ತಾಜೀನ್ ಎಂಬುದು ಮಣ್ಣಿನ ಶಂಕುಮುಚ್ಚಳದ ಪಾತ್ರೆ, ಅದರಲ್ಲಿ ಬೇಯಿಸಿದ ಪಲ್ಯಕ್ಕೂ ಅದೇ ಹೆಸರು. ಸಣ್ಣ ಉರಿಯಲ್ಲಿ ಒಂದೂವರೆ ಎರಡು ಗಂಟೆ ಬೇಯಬೇಕು. ಆದ್ದರಿಂದ ತಿಂಡಿಯ ಹೊತ್ತಿಗೇ ಹೇಳಿ. ಸಂಜೆ ಏಳಕ್ಕೆ ಹಸಿದು ಕೇಳಿದರೆ ಅವರಿಗೂ ಸಂಕಟ, ನಿಮಗೂ ಸಂಕಟ.

ತರಕಾರಿ ತಾಜೀನ್ ಎಂದರೆ ಸಸ್ಯಾಹಾರ ಎಂದುಕೊಳ್ಳುವುದೇ ಎಲ್ಲರೂ ಮಾಡುವ ತಪ್ಪು. ಮಾಂಸದ ತುಂಡು ಇರುವುದಿಲ್ಲ, ನಿಜ. ಆದರೆ ತರಕಾರಿ ಬೆಂದದ್ದು ಮಾಂಸದ ಸಾರಿನಲ್ಲಿರಬಹುದು, ಅಥವಾ ಕೋಳಿಯ ರುಚಿಯ ಸ್ಟಾಕ್ ಕ್ಯೂಬ್ ಎಂಬ ಸಾರಿನ ಬಿಲ್ಲೆ ಕರಗಿಸಿರಬಹುದು. ಗೋಧಿ ರವೆಯ ಉದುರುದುರಾದ ಅಡುಗೆ, ಏಳು ತರಕಾರಿಯ ಕುಸ್ಕುಸ್ ಕೂಡ ಹಾಗೆಯೇ. ಕುಸ್ಕುಸ್ ಬೇಯುವುದು ಕೆಳಗಿನ ಪಾತ್ರೆಯ ಸಾರಿನ ಹಬೆಯಲ್ಲಿ, ಆ ಸಾರಿನಲ್ಲಿ ಮಾಂಸವಿರುವುದೇ ವಾಡಿಕೆ. ಹರೀರಾ ಸೂಪಿನಲ್ಲಿ ಕಡಲೆ, ಬೇಳೆ, ಟೊಮೆಟೊ ಕಂಡರೂ ಸಣ್ಣ ಮಾಂಸದ ಚೂರು ಇರುವುದು ಮಾಮೂಲು. ಪಾಸ್ತಿಲ್ಲಾ ಎಂಬ ತೆಳು ಪದರದ ಹೂರಣದ ತಿನಿಸಿನ ಮೇಲೆ ಸಕ್ಕರೆ ಪುಡಿ, ದಾಲ್ಚಿನ್ನಿ ಉದುರಿಸಿರುತ್ತಾರೆ, ಸಿಹಿತಿಂಡಿಯಂತೆ ಕಾಣುತ್ತದೆ. ಒಳಗಿರುವುದು ಪಾರಿವಾಳ ಅಥವಾ ಕೋಳಿ.

ಹಾಗಾಗಿ ಹೇಳುವುದು ಹೀಗೆ: ‘ಬ್ಲಾ ಲ್ಹಮ್, ಬ್ಲಾ ದ್ಜಾಜ್, ಬ್ಲಾ ಹೂತ್’. ಮಾಂಸ ಬೇಡ, ಕೋಳಿ ಬೇಡ, ಮೀನು ಬೇಡ. ಅದಕ್ಕೆ ಫ್ರೆಂಚ್‌ನಲ್ಲಿ ‘ಸಾಂ ಬುಯೋಂ’ ಸೇರಿಸಿ, ಎಂದರೆ ಸಾರೂ ಕ್ಯೂಬೂ ಬೇಡ. ನೀರಿನಲ್ಲಿ, ಆಲಿವ್ ಎಣ್ಣೆಯಲ್ಲಿ ಬೇಯಿಸಿ ಎಂದು ಬಿಡಿಸಿ ಹೇಳಿದರೆ ಇನ್ನೂ ಒಳ್ಳೆಯದು. ಸುಟ್ಟ ಬದನೆಯ ಝಾಲೂಕ್, ದೊಣ್ಣೆಮೆಣಸು ಟೊಮೆಟೊದ ತಕ್ತೂಕಾ, ಬಿಳಿ ಬೀನ್ಸ್ ಕಾಳಿನ ಲೂಬಿಯಾ, ಮಸೂರ ಬೇಳೆಯ ಅದಸ್, ಒಣ ಅವರೆಯ ಜಾತಿಯ ಕಾಳನ್ನು ಅರೆದು ಆಲಿವ್ ಎಣ್ಣೆ ಜೀರಿಗೆ ಹಾಕಿದ ಬಿಸಾರಾ ಇವನ್ನು ಹೆಸರಿಟ್ಟು ಕೇಳಿ. ಝಾಲೂಕ್ ತಿಂದರೆ ನಮ್ಮ ಕಡೆಯವರಿಗೆ ಬದನೆಕಾಯಿ ಎಣ್ಣೆಗಾಯಿಯ ನೆನಪು ಬಾರದೆ ಇರದು. ಖಾರ ಕಡಿಮೆ, ಹರಿಸ್ಸಾ ಎಂಬ ಮೆಣಸಿನ ಚಟ್ನಿ ಕೇಳಿದರೆ ತರುತ್ತಾರೆ. ಸ್ಮೆನ್ ಎಂಬ ಹುದುಗಿಸಿಟ್ಟ ಬೆಣ್ಣೆಯ ವಾಸನೆ ತೀರಾ ಗಾಢ, ಹಿಡಿಸದಿದ್ದರೆ ‘ಬ್ಲಾ ಸ್ಮೆನ್’. ಈರುಳ್ಳಿ ಬೆಳ್ಳುಳ್ಳಿಯೂ ಬೇಡವೆನ್ನುವವರು ಬುಕ್ ಮಾಡುವಾಗಲೇ ಬರೆದು ತಿಳಿಸಬೇಕು.

ಕುಸ್ಕುಸ್ ಬೇಕಿದ್ದರೆ ಶುಕ್ರವಾರ ಕೇಳಿ. ಮನೆಮನೆಯಲ್ಲೂ ಅದು ಆ ದಿನದ ಅಡುಗೆ. ರಂಜಾನ್‌ನಲ್ಲಿ ಸೂರ್ಯಾಸ್ತದ ಹೊತ್ತು ಸಿಬ್ಬಂದಿ ಉಪವಾಸ ಬಿಡುವ ಸಮಯ. ಆ ಅರ್ಧ ಮುಕ್ಕಾಲು ಗಂಟೆ ಅವರನ್ನು ಕರೆಯಬೇಡಿ. ಕುಡಿಯಲು ಬಾಟಲಿ ನೀರು. ಎಲ್ಲ ರಿಯಾದ್‌ಗಳಿಗೂ ಮದ್ಯದ ಪರವಾನಗಿ ಇರುವುದಿಲ್ಲ.

7. ಒಂದು ಮಧ್ಯಾಹ್ನ ಮನೆಗೇ ಕೊಡಿ

ಬೆಳಿಗ್ಗೆ ಎದ್ದು ಹೊರಟು ರಾತ್ರಿ ಬಂದು ಮಲಗುವುದಾದರೆ ಇಷ್ಟು ದುಡ್ಡು ಕೊಟ್ಟು ರಿಯಾದ್ ಹಿಡಿಯಬೇಕಾಗಿಲ್ಲ. ಬಿಸಿಲು ನೇರವಾಗಿ ಅಂಗಳಕ್ಕಿಳಿಯುವ ಹನ್ನೆರಡರಿಂದ ಮೂರರವರೆಗೆ ಅಲ್ಲೇ ಇದ್ದು ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿ.

ಕೆಳಗೆ ಸೊಂಟದೆತ್ತರದವರೆಗೆ ಝೆಲ್ಲಿಜ್. ಫೆಸ್‌ನ ಜೇಡಿಮಣ್ಣಿನ ಬಿಲ್ಲೆಯನ್ನು ಸುಟ್ಟು, ಬಣ್ಣದ ಮೆರುಗು ಕೊಟ್ಟು, ಮತ್ತೆ ಸುಟ್ಟು, ಭಾರದ ಚೂಪು ಸುತ್ತಿಗೆಯಿಂದ ಒಂದೊಂದೇ ಚೂರು ಕತ್ತರಿಸುತ್ತಾರೆ. ಜೋಡಿಸುವಾಗ ಮೆರುಗಿನ ಮುಖ ಕೆಳಗಿರುತ್ತದೆ. ಕೆಲಸಗಾರನಿಗೆ ಬಣ್ಣ ಕಾಣದು, ಬರೀ ಆಕಾರ. ವಿನ್ಯಾಸವೆಲ್ಲ ಅವನ ತಲೆಯಲ್ಲಿ. ಹತ್ತಿರ ಹೋಗಿ ಒಂದು ನಕ್ಷತ್ರದ ಅಂಚು ನೋಡಿ. ಎರಡು ಚೂರು ಒಂದೇ ಅಳತೆಯಿಲ್ಲ, ಮೆರುಗಿನ ಬಣ್ಣವೂ ಒಂದೇ ಸಮ ಇಲ್ಲ, ಬೆಳಕು ಒಂದೊಂದರ ಮೇಲೆ ಒಂದೊಂದು ಓರೆಯಲ್ಲಿ ಬೀಳುತ್ತದೆ. ಗೋಡೆ ಮಿನುಗುವುದು ಅದರಿಂದಲೇ. ಯಂತ್ರದಲ್ಲಿ ಅಚ್ಚೊತ್ತಿದ ಬಿಲ್ಲೆ ಹಾಕಿದ ಹೊಸ ಕಟ್ಟಡಗಳಲ್ಲಿ ಈ ಮಿನುಗು ಇರುವುದಿಲ್ಲ.

ಅದರ ಮೇಲೆ ಗೆಬ್ಸ್, ಎಂದರೆ ಜಿಪ್ಸಮ್ ಗಾರೆ. ಹಸಿಯಿರುವಾಗಲೇ ಬಳ್ಳಿ, ನಕ್ಷತ್ರ, ಅಕ್ಷರಗಳನ್ನು ಕೊರೆದಿರುತ್ತಾರೆ. ತೀರಾ ಮೇಲೆ ಅಟ್ಲಾಸ್ ಬೆಟ್ಟಗಳ ಸೀಡರ್ ಮರ, ನಮ್ಮ ಹಿಮಾಲಯದ ದೇವದಾರುವಿನ ಒಡಹುಟ್ಟು. ಕೆತ್ತಿದ್ದು ಅಥವಾ ಬಣ್ಣ ಬರೆದದ್ದು. ಕಮಾನಿನ ಒಳಬದಿಯಲ್ಲಿ ಜೇನುಗೂಡಿನಂತೆ ಅಂತಸ್ತಂತಸ್ತಾಗಿ ಇಳಿಬಿದ್ದಿದ್ದರೆ ಅದು ಮುಕರ್ನಾಸ್. ಇದೇ ವರಸೆ ಸ್ಪೇನಿನ ಗ್ರನಾಡಾದ ಅಲ್ಹಾಂಬ್ರಾ ಅರಮನೆಯಲ್ಲೂ ಇದೆ. ಮೂರಿಷ್ ಎಂದು ಹೊರಗಿನವರು ಕರೆಯುವ ಈ ಶೈಲಿ ಸ್ಪೇನ್, ಮೊರಾಕ್ಕೊ ನಡುವಿನ ಜಲಸಂಧಿಯ ಎರಡೂ ದಡದಲ್ಲಿ ಬೆಳೆದದ್ದು. ಒಂಬತ್ತನೇ ಶತಮಾನದಲ್ಲಿ ಸ್ಪೇನಿನ ಕೋರ್ಡೋಬಾದಿಂದ, 1492ರಲ್ಲಿ ಗ್ರನಾಡಾ ಬಿದ್ದ ಮೇಲೆ ಅಲ್ಲಿಂದ, ನೆಲೆ ಕಳೆದುಕೊಂಡ ಜನ ಫೆಸ್‌ಗೆ ಬಂದು ಸೇರಿದರು.

ನಿಮ್ಮ ರಿಯಾದ್‌ನ ಕೆಲಸ ಎಷ್ಟು ಚೆನ್ನಾಗಿದೆ ಎಂದು ತಿಳಿಯಬೇಕಾದರೆ ಮೂಲವನ್ನು ನೋಡಿ ಬನ್ನಿ. ಫೆಸ್‌ನಲ್ಲಿ 1350ರ ದಶಕದ ಬೂ ಇನಾನಿಯಾ ಮದರಸಾ, ಅದಕ್ಕೂ ಹಳೆಯದಾದ 1325ರ ಅತ್ತಾರೀನ್ ಮದರಸಾ. ಮರಾಕೇಶ್‌ನಲ್ಲಿ 1560ರ ದಶಕದ ಬೆನ್ ಯೂಸುಫ್ ಮದರಸಾ ಮತ್ತು ಹತ್ತೊಂಬತ್ತನೇ ಶತಮಾನದ ಬಾಹಿಯಾ ಅರಮನೆ. ಮಸೀದಿಗಳೊಳಗೆ ಮುಸ್ಲಿಮೇತರರಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ; ಕಾಸಾಬ್ಲಾಂಕಾದ ಎರಡನೇ ಹಸನ್ ಮಸೀದಿಯನ್ನು ಮಾರ್ಗದರ್ಶಕರ ಜೊತೆ ನೋಡಬಹುದು.

8. ಮನೆ ಹಾಳಾಗದಂತೆ ಇರುವುದು

ಸ್ನಾನದ ಮನೆಯ ಗೋಡೆ ನುಣುಪಾಗಿ, ಕಲ್ಲಿನಂತೆ, ಜೋಡಣೆಯೇ ಇಲ್ಲದೆ ಕಂಡರೆ ಅದು ತಾದೆಲಾಕ್ತ್. ಸುಣ್ಣದ ಗಾರೆಯನ್ನು ನುಣುಪು ಕಲ್ಲಿನಿಂದ ಉಜ್ಜಿ, ಆಲಿವ್ ಎಣ್ಣೆಯ ಕಪ್ಪು ಸಾಬೂನು ತಿಕ್ಕಿ ನೀರು ಹಿಡಿಯದಂತೆ ಮಾಡಿರುತ್ತಾರೆ. ಸುಣ್ಣಕ್ಕೆ ಹುಳಿ ಆಗದು. ನಿಂಬೆ, ವಿನೆಗರ್, ಆಸಿಡ್ ಇರುವ ಕ್ಲೀನರ್ ತಾಗಿದರೆ ಮೆರುಗು ತಿಂದುಹೋಗಿ ನೀರು ಒಳಗಿಳಿಯುತ್ತದೆ. ಗೋರಂಟಿ, ಕೂದಲ ಬಣ್ಣ, ಅರಿಸಿ‌ನದ ಕಲೆಯೂ ಹೋಗುವುದಿಲ್ಲ. ಕೂದಲಿಗೆ ಬಣ್ಣ ಹಚ್ಚಿಕೊಳ್ಳುವ ಕೆಲಸ ಊರಲ್ಲೇ ಮುಗಿಸಿ. ಗೋಡೆಗೆ ಅಂಟುವ ಕೊಕ್ಕೆ ಹಾಕಬೇಡಿ, ಕಿತ್ತಾಗ ಗಾರೆಯ ಪದರವೂ ಎದ್ದುಬರುತ್ತದೆ.

ಝೆಲ್ಲಿಜ್ ನೆಲ ಒದ್ದೆಯಾದರೆ ಜಾರುತ್ತದೆ. ವಯಸ್ಸಾದವರಿಗೆ ರಬ್ಬರ್ ತಳದ ಚಪ್ಪಲಿ ಬೇಕೇ ಬೇಕು.

ಅಂಗಳ ಬಾವಿಯಂತೆ ಸದ್ದನ್ನು ಮೇಲಕ್ಕೆತ್ತುತ್ತದೆ. ಕೆಳಗೆ ಪಿಸುಗುಟ್ಟಿದ್ದೂ ಮೇಲಿನ ಕೋಣೆಗೆ ಕೇಳುತ್ತದೆ. ರಾತ್ರಿ ಹತ್ತರ ಮೇಲೆ ಅಂಗಳದಲ್ಲಿ ವಿಡಿಯೊ ಕಾಲ್ ಬೇಡ. ಬೆಳಗಿನ ಜಾವದ ಆಜಾನ್ ಹತ್ತಾರು ಮಸೀದಿಗಳಿಂದ ಒಟ್ಟಿಗೆ ಕೇಳುತ್ತದೆ. ನಿದ್ದೆ ತೆಳುವಾಗಿರುವವರು ಕಿವಿಗೆ ಬಿರಡೆ ಒಯ್ಯಿರಿ.

ತಾರಸಿಯಿಂದ ಊರೆಲ್ಲ ಕಾಣುತ್ತದೆ, ಪಕ್ಕದವರ ಮನೆಯಂಗಳವೂ ಕಾಣುತ್ತದೆ. ತಾರಸಿ ಅಲ್ಲಿ ಹೆಂಗಸರು ಬಟ್ಟೆ ಒಣಗಿಸುವ, ಮಾತಾಡುವ ಜಾಗ. ಇಣುಕಬೇಡಿ, ಆ ಕಡೆ ಕ್ಯಾಮೆರಾ ತಿರುಗಿಸಬೇಡಿ. ಈಜುಡುಗೆಯಲ್ಲಿ ತಾರಸಿ ತುದಿಗೆ ಹೋಗಿ ನಿಲ್ಲುವುದೂ ಸಲ್ಲದು.

ಮನೆಯಲ್ಲೇ ಹಮ್ಮಾಮ್, ಎಂದರೆ ಹಬೆಸ್ನಾನ ಇದ್ದರೆ ಒಂದು ದಿನ ಮುಂಚೆ ಹೇಳಿ, ಕಾಯಲು ಹೊತ್ತು ಬೇಕು. ಕಪ್ಪು ಸಾಬೂನು ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಕೆಸ್ಸಾ ಎಂಬ ಒರಟು ಕೈಚೀಲದಿಂದ ಉಜ್ಜುತ್ತಾರೆ. ಊಟವಾದ ಕೂಡಲೇ ಹೋಗಬೇಡಿ. ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು ಬಿಡುವುದೇ ಒಳ್ಳೆಯದು. ಆ ದಿನ ಬೆಳಿಗ್ಗೆ ಶೇವಿಂಗ್, ವ್ಯಾಕ್ಸಿಂಗ್ ಮಾಡಿಕೊಂಡಿದ್ದರೆ ಚರ್ಮ ಉರಿಯುತ್ತದೆ.

9. ಹೊರಡುವ ದಿನ

ಹಿಂದಿನ ಸಂಜೆಯೇ ಬಿಲ್ ತರಿಸಿ ಊಟ, ಹಮ್ಮಾಮ್, ಕಾರು, ತೆರಿಗೆ ಸಾಲುಸಾಲಾಗಿ ನೋಡಿ. ಬೆಳಿಗ್ಗೆಯ ಅವಸರದಲ್ಲಿ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಇನಾಮು ಎಲ್ಲರಿಗೂ ಸೇರಲೆಂದು ಕೆಲವು ಕಡೆ ಡಬ್ಬಿ ಇರುತ್ತದೆ. ಇಲ್ಲದಿದ್ದರೆ ಅಡುಗೆಯವರಿಗೂ ಕೋಣೆ ಗುಡಿಸುವವರಿಗೂ ಬೇರೆ ಬೇರೆ ಕೊಡಿ; ಅಂಗಳದಲ್ಲಿ ಕಾಣಿಸಿಕೊಳ್ಳದೆ ಕೆಲಸ ಮಾಡುವವರು ಅವರೇ. ಸಾಮಾನು ಹೊತ್ತವರಿಗೆ ಚೀಲಕ್ಕೆ 10–20 ದಿರ್ಹಾಮ್ ಸಮಂಜಸ. ಇದಕ್ಕಾಗಿ ಚಿಲ್ಲರೆ ನೋಟು ಮೊದಲಿಂದಲೇ ಕೂಡಿಟ್ಟುಕೊಳ್ಳಿ, 200ರ ನೋಟಿಗೆ ಮದೀನಾದಲ್ಲಿ ಚಿಲ್ಲರೆ ಸಿಗುವುದು ಕಷ್ಟ.

ನಸುಕಿನ ವಿಮಾನವಿದ್ದರೆ ಕೈಗಾಡಿಯವನನ್ನೂ ಟ್ಯಾಕ್ಸಿಯನ್ನೂ ರಾತ್ರಿಯೇ ಗೊತ್ತುಮಾಡಿಸಿ, ಟ್ಯಾಕ್ಸಿ ಯಾವ ಬಾಬ್ ಬಳಿ ಬರುತ್ತದೆ ಎಂದು ಕೇಳಿಟ್ಟುಕೊಳ್ಳಿ. ರಾತ್ರಿ ಬಾಗಿಲು ಒಳಗಿನಿಂದ ಅಗುಳಿ ಹಾಕಿರುತ್ತಾರೆ, ತೆಗೆಯಲು ಯಾರು ಎದ್ದಿರುತ್ತಾರೆ ಎಂಬುದೂ ಗೊತ್ತಿರಲಿ. ತಿಂಡಿಯನ್ನು ಕಟ್ಟಿಕೊಡಿ ಎಂದರೆ ಸಂತೋಷದಿಂದ ಕಟ್ಟಿಕೊಡುತ್ತಾರೆ. ಉಳಿದ ದಿರ್ಹಾಮ್‌ಗಳನ್ನು ವಿಮಾನ ನಿಲ್ದಾಣದಲ್ಲಿ ಭದ್ರತಾ ತಪಾಸಣೆಗೆ ಮೊದಲೇ ಬದಲಿಸಿಬಿಡಿ. ಒಳಗೆ ಹೋದ ಮೇಲೆ ಕೌಂಟರ್ ತೆರೆದಿರುತ್ತದೆ ಎಂಬ ಭರವಸೆಯಿಲ್ಲ.